ಆಕಾಶದ ಗಡಿಯಾರಗಳು ಮತ್ತು ಮೋಟಾರ್ ಸೈಕಲ್ಲಿನ ಹ್ಯಾಂಡಲ್



ಮೋಟಾರ್ ಸೈಕಲ್ಲಿನ ಹ್ಯಾಂಡಲ್ಲಿಗೆ ಮೊಬೈಲನ್ನೋ ಜಿ.ಪಿ.ಎಸ್. ಯಂತ್ರವನ್ನೋ ಸಿಕ್ಕಿಸಿಕೊಂಡು ದೂರದ ಊರುಗಳಿಗೆ ಹೊರಡುವುದು ಈಗ ನಮ್ಮ ಯುವಕ ಯುವತಿಯರಿಗೆ ಸಹಜವಾದ ಸಂಗತಿಯಾಗಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಹೀಗೆ ಲಡಾಖಿನವರೆಗೂ ಹೋಗಿ ಬಂದಿದ್ದಾರೆ. ಅವರು ಕಳುಹಿಸುವ ಚಿತ್ರಗಳಲ್ಲಿ ಹಿಮದ ಬೆಟ್ಟಗಳ ಮುಂದೆ ಆ ಪುಟ್ಟ ಪರದೆಯೂ ಕಾಣಿಸುತ್ತದೆ. ಅದನ್ನು ಕಂಡಾಗಲೆಲ್ಲ, ಮೂವತ್ತಕ್ಕೂ ಹೆಚ್ಚು ವರ್ಷ ಇತಿಹಾಸದ ಪಾಠ ಮಾಡಿದ ನನಗೆ ಒಂದು ಪ್ರಶ್ನೆ ಏಳುತ್ತದೆ. ಈ ಸವಾರನಿಗೆ ದಾರಿ ತೋರಿಸುತ್ತಿರುವವರು ಯಾರು? "ಉಪಗ್ರಹ" ಎಂದು ಒಂದೇ ಪದದಲ್ಲಿ ಉತ್ತರಿಸಿದರೆ, ಐದು ಅಂಕಗಳ ಪ್ರಶ್ನೆಗೆ ಎರಡೂವರೆ ಅಂಕ ಮಾತ್ರ ಕೊಡಬಹುದು. ಉಳಿದ ಎರಡೂವರೆ ಅಂಕಗಳ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ಆಕಾಶವನ್ನು ನೋಡಿ ದಾರಿಯನ್ನು ತಿಳಿಯುವುದು ಮನುಷ್ಯನಿಗೆ ಹೊಸದಲ್ಲ. ನಮ್ಮ ಶ್ರೀರಂಗಪಟ್ಟಣದ ಬಳಿಯೇ ನಡೆದ ಒಂದು ಘಟನೆಯನ್ನು ಇಲ್ಲಿ ಸ್ಮರಿಸಬಹುದು. 1799ರ ಏಪ್ರಿಲ್‌ನಲ್ಲಿ, ಟಿಪ್ಪುವಿನ ವಿರುದ್ಧದ ಕೊನೆಯ ಯುದ್ಧದ ಸಮಯದಲ್ಲಿ, ಜನರಲ್ ಬೇರ್ಡ್ ಎಂಬ ಸೇನಾನಿಯು ರಾತ್ರಿಯ ಕತ್ತಲಲ್ಲಿ ತನ್ನ ತುಕಡಿಯನ್ನು ನಡೆಸಿಕೊಂಡು ಹೋಗುತ್ತಿದ್ದನು. ಜೊತೆಯಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ನಕ್ಷತ್ರಗಳನ್ನು ನೋಡಿ, ನಾವು ಉತ್ತರಕ್ಕಲ್ಲ, ದಕ್ಷಿಣಕ್ಕೆ, ಅಂದರೆ ಶತ್ರುವಿನ ಕಡೆಗೇ ನಡೆಯುತ್ತಿದ್ದೇವೆ ಎಂದು ಎಚ್ಚರಿಸಿದನು. ನಕ್ಷತ್ರಗಳನ್ನು ಕೇಳದೆಯೇ ತನಗೆ ದಾರಿ ಗೊತ್ತಿದೆ ಎಂದು ಬೇರ್ಡ್ ಮೊದಲು ತಳ್ಳಿಹಾಕಿದನಂತೆ. ಆಮೇಲೆ ದಿಕ್ಸೂಚಿಯನ್ನು ತೆಗೆದು ನೋಡಿದಾಗ ಲ್ಯಾಂಬ್ಟನ್ ಹೇಳಿದ್ದೇ ನಿಜವಾಗಿತ್ತು. ಮರುವರ್ಷ, 1800ರಲ್ಲಿ, ಇದೇ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ರೇಖೆಯೊಂದನ್ನು ಉಕ್ಕಿನ ಸರಪಳಿಯಿಂದ ಅಳೆದನು. ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ಅದು ಪೀಠಿಕೆಯಾಯಿತು. ಆಕಾಶವನ್ನೂ ಬಲ್ಲ, ನೆಲವನ್ನೂ ಸರಪಳಿ ಹಿಡಿದು ಅಳೆದ ಈ ಮನುಷ್ಯನನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದಿನ ಕಥೆಗೆ ಈ ಎರಡೂ ಬೇಕಾಗುತ್ತವೆ.

ಇನ್ನು ಮೋಟಾರ್ ಸೈಕಲ್ಲಿನ ವಿಷಯಕ್ಕೆ ಬರೋಣ. ಮೊದಮೊದಲ ಸವಾರರಿಗೆ ಇದ್ದ ಆಸರೆಗಳೆಂದರೆ ಕಾಗದದ ನಕ್ಷೆ, ಮೈಲಿಗಲ್ಲು ಮತ್ತು ದಾರಿಯಲ್ಲಿ ಸಿಕ್ಕುವ ಮನುಷ್ಯರು. 1920ರ ದಶಕದಲ್ಲಿ ಬ್ರಿಟನ್ನಿನಲ್ಲಿ ಕೈಗಡಿಯಾರದಂತೆ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಒಂದು ನಕ್ಷೆ ಬಂದಿತ್ತು. ಒಳಗಿದ್ದ ಸಣ್ಣ ಕಾಗದದ ಸುರುಳಿಯನ್ನು ದಾರಿ ಸಾಗಿದಂತೆ ಬೆರಳಿನಿಂದ ತಿರುಗಿಸಿಕೊಳ್ಳಬೇಕಾಗಿತ್ತು. 1934ರ ಡಿಸೆಂಬರ್‌ನಲ್ಲಿ ಥೆರೆಸಾ ವಾಲಕ್ ಮತ್ತು ಫ್ಲಾರೆನ್ಸ್ ಬ್ಲೆಂಕಿರನ್ ಎಂಬ ಇಬ್ಬರು ಮಹಿಳೆಯರು 600 ಸಿ.ಸಿ.ಯ ಪ್ಯಾಂಥರ್ ಮೋಟಾರ್ ಸೈಕಲ್ಲಿಗೆ ಸೈಡ್‌ಕಾರನ್ನೂ ಟ್ರೇಲರನ್ನೂ ಜೋಡಿಸಿಕೊಂಡು ಲಂಡನ್ನಿನಿಂದ ಹೊರಟರು. ದಿಕ್ಸೂಚಿಯೂ ಇಲ್ಲದೆ ಸಹಾರಾ ಮರುಭೂಮಿಯನ್ನು ದಾಟಿ, 1935ರ ಜುಲೈನಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನನ್ನು ಸೇರಿದರು. ಇಂದಿನ ಸವಾರರು ಈ ಇಬ್ಬರ ಹೆಸರನ್ನು ಒಮ್ಮೆಯಾದರೂ ಓದಿರಬೇಕು.

ಎಲ್ಲರಿಗೂ ಅಷ್ಟು ಅದೃಷ್ಟವಿರುವುದಿಲ್ಲ. 1977ರಲ್ಲಿ ಥಿಯೆರಿ ಸಬೀನ್ ಎಂಬ ಫ್ರೆಂಚ್ ಸವಾರನು ರ‍್ಯಾಲಿಯೊಂದರಲ್ಲಿ ಲಿಬಿಯಾದ ಮರಳುಗಾಡಿನಲ್ಲಿ ದಾರಿ ತಪ್ಪಿ ಸಾವಿನ ಅಂಚಿಗೆ ಹೋಗಿ ಬದುಕಿ ಬಂದನು. ಬದುಕಿ ಬಂದವನು ಮರುಭೂಮಿಗೆ ಬೆನ್ನು ಹಾಕಲಿಲ್ಲ. 1978ರ ಡಿಸೆಂಬರ್‌ನಲ್ಲಿ ಪ್ಯಾರಿಸ್–ಡಾಕರ್ ರ‍್ಯಾಲಿಯನ್ನೇ ಆರಂಭಿಸಿದನು. ಆ ರ‍್ಯಾಲಿಯ ಸವಾರರು ಹ್ಯಾಂಡಲ್ಲಿನ ಮೇಲಿನ ಪೆಟ್ಟಿಗೆಯಲ್ಲಿ ಉದ್ದನೆಯ ಕಾಗದದ ಸುರುಳಿಯನ್ನು ಇಟ್ಟುಕೊಂಡು, ಇಷ್ಟು ಕಿಲೋಮೀಟರಿಗೆ ಎಡಕ್ಕೆ, ಇಷ್ಟಕ್ಕೆ ಹಳ್ಳ ಎಂಬ ಸೂಚನೆಗಳನ್ನು ಓದುತ್ತ ಓಡಿಸುತ್ತಿದ್ದರು. 1990ರ ದಶಕದ ಆರಂಭದಲ್ಲಿ ಅಲ್ಲಿಗೆ ಜಿ.ಪಿ.ಎಸ್. ಬಂದ ಮೇಲೂ ಸಂಘಟಕರು ಅದಕ್ಕೆ ಲಗಾಮು ಹಾಕಿದರು. ನಿಗದಿತ ಸ್ಥಳಕ್ಕೆ ಸಾಕಷ್ಟು ಹತ್ತಿರ ಬಂದಾಗ ಮಾತ್ರ ಯಂತ್ರವು ಬಾಣದ ಗುರುತನ್ನು ತೋರಿಸುವಂತೆ ಮಾಡಿದರು. ದಾರಿ ಹುಡುಕುವುದು ಸವಾರನ ವಿದ್ಯೆಯಾಗಿಯೇ ಉಳಿಯಬೇಕೆಂಬುದು ಅವರ ಆಶಯ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಈ ರ‍್ಯಾಲಿಯನ್ನು 36ನೆಯವರಾಗಿ ಮುಗಿಸಿ, ಅದನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರೆನಿಸಿದರು.

ಹಾಗಾದರೆ ಆ ಉಪಗ್ರಹಗಳು ಬಂದದ್ದು ಹೇಗೆ? 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟವು ಸ್ಪುಟ್ನಿಕ್ ಅನ್ನು ಹಾರಿಸಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಗಯರ್ ಮತ್ತು ವೈಫೆನ್‌ಬಾಕ್ ಎಂಬ ಇಬ್ಬರು ತರುಣ ವಿಜ್ಞಾನಿಗಳು ಅದರ ಸಂಕೇತವನ್ನು ಆಲಿಸುತ್ತ ಕುಳಿತರು. ರೈಲು ಹತ್ತಿರ ಬರುವಾಗ ಅದರ ಕೂಗು ತಾರಕಕ್ಕೇರಿ, ದೂರ ಸರಿಯುವಾಗ ಇಳಿಯುವುದನ್ನು ನೀವೆಲ್ಲ ಕೇಳಿದ್ದೀರಿ. ಹಾಗೆಯೇ ಬದಲಾಗುವ ಸಂಕೇತದಿಂದ ಉಪಗ್ರಹ ಎಲ್ಲಿದೆ ಎಂಬುದನ್ನು ಅವರು ಲೆಕ್ಕ ಹಾಕಿದರು. ಅವರ ಹಿರಿಯರಾದ ಫ್ರಾಂಕ್ ಮೆಕ್ಲೂರ್ ಲೆಕ್ಕವನ್ನು ತಿರುವಿ ಹಾಕಿದರು. ಉಪಗ್ರಹ ಎಲ್ಲಿದೆ ಎಂಬುದು ಗೊತ್ತಿದ್ದರೆ, ನಾವು ಎಲ್ಲಿದ್ದೇವೆ ಎಂಬುದನ್ನು ತಿಳಿಯಬಹುದಲ್ಲವೇ? ಈ ಒಂದು ಪ್ರಶ್ನೆಯಿಂದ ಟ್ರಾನ್ಸಿಟ್ ಎಂಬ ಮೊದಲ ಉಪಗ್ರಹ ಪಥದರ್ಶನ ವ್ಯವಸ್ಥೆ ಹುಟ್ಟಿತು. 1964ರಿಂದ ಅಮೆರಿಕದ ಅಣ್ವಸ್ತ್ರ ಜಲಾಂತರ್ಗಾಮಿಗಳು ಅದನ್ನು ಬಳಸಿದವು. ಉಪಗ್ರಹವು ತಲೆಯ ಮೇಲೆ ಹಾದುಹೋಗುವವರೆಗೆ ಕಾಯಬೇಕಾಗಿದ್ದರಿಂದ ಅದು ನಿಧಾನವಾಗಿ ಸಾಗುವ ಹಡಗುಗಳಿಗೆ ಸಾಕಾಗಿತ್ತೇ ಹೊರತು ವೇಗದ ವಾಹನಗಳಿಗಲ್ಲ.

ಅನಂತರ ಬಂದದ್ದು ಜಿ.ಪಿ.ಎಸ್. ಅದರ ಮೊದಲ ಉಪಗ್ರಹವು 1978ರ ಫೆಬ್ರವರಿಯಲ್ಲಿ ಹಾರಿತು. 24 ಉಪಗ್ರಹಗಳ ಪೂರ್ಣ ವ್ಯವಸ್ಥೆ 1995ರಲ್ಲಿ ಸಿದ್ಧವಾಯಿತು. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ, ದಿನಕ್ಕೆ ಎರಡು ಸುತ್ತಿನಂತೆ ಅವು ತಿರುಗುತ್ತವೆ. ಉಪಗ್ರಹವು ನಮ್ಮನ್ನು "ನೋಡುತ್ತಿದೆ" ಎಂದು ಅನೇಕರು ಭಾವಿಸಿದ್ದಾರೆ. ಅದು ಸರಿಯಲ್ಲ. ಉಪಗ್ರಹಕ್ಕೆ ನಮ್ಮ ಇರವೇ ತಿಳಿಯದು. ಅದು ದೇವಸ್ಥಾನದ ಗಂಟೆಯಂತೆ ತನ್ನ ಪಾಡಿಗೆ ಸಮಯವನ್ನು ಸಾರುತ್ತಿರುತ್ತದೆ. ಅದರ ಹೊಟ್ಟೆಯಲ್ಲಿರುವುದು ಪರಮಾಣು ಗಡಿಯಾರ. ಕೆಳಗಿನ ಯಂತ್ರವು ನಾಲ್ಕು ಅಥವಾ ಹೆಚ್ಚು ಉಪಗ್ರಹಗಳ ಸಮಯವನ್ನು ಕೇಳಿಸಿಕೊಂಡು, ಒಂದೊಂದು ಸಂಕೇತವೂ ಎಷ್ಟು ತಡವಾಗಿ ಬಂತು ಎಂಬುದರಿಂದ ದೂರವನ್ನು ಲೆಕ್ಕ ಹಾಕುತ್ತದೆ. ಬೆಳಕಿನ ವೇಗದಲ್ಲಿ ಬರುವ ಈ ಸಂಕೇತವು ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ 300 ಮೀಟರ್ ಸಾಗಿರುತ್ತದೆ. ಆದ್ದರಿಂದ ಗಡಿಯಾರದಲ್ಲಿ ಅಷ್ಟು ತಪ್ಪಿದರೂ ನೀವು ಪಕ್ಕದ ಬೀದಿಗೆ ಹೋಗಿರುತ್ತೀರಿ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದಂತೆ ಆ ಗಡಿಯಾರಗಳು ನಮ್ಮ ಗಡಿಯಾರಗಳಿಗಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡು ಮುಂದೆ ಓಡುತ್ತವೆ. ಅದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿಗೂ ಮೀರಿದ ತಪ್ಪು ಕೂಡಿಕೊಳ್ಳುತ್ತಿತ್ತು. ಸಾಪೇಕ್ಷತಾ ಸಿದ್ಧಾಂತದಿಂದ ನಮಗೇನು ಪ್ರಯೋಜನ ಎಂದು ಕೇಳುವವರಿಗೆ ಹ್ಯಾಂಡಲ್ಲಿನ ಮೇಲಿರುವ ಈ ಪೆಟ್ಟಿಗೆಯನ್ನು ತೋರಿಸಿದರೆ ಸಾಕು.

ಆದರೆ ಈ ಗಂಟೆಯನ್ನು ಬಾರಿಸುವ ಹಗ್ಗ ಯಾರ ಕೈಯಲ್ಲಿತ್ತು? ಜಿ.ಪಿ.ಎಸ್. ಅಮೆರಿಕದ ಸೇನೆಯ ಸ್ವತ್ತು. 1983ರ ಸೆಪ್ಟೆಂಬರ್ 1ರಂದು ಕೊರಿಯನ್ ಏರ್‌ಲೈನ್ಸ್‌ನ 007ನೇ ವಿಮಾನವು ದಾರಿ ತಪ್ಪಿ ಸೋವಿಯತ್ ಆಕಾಶವನ್ನು ಹೊಕ್ಕಿತು. ಅದನ್ನು ಹೊಡೆದುರುಳಿಸಿದಾಗ 269 ಮಂದಿ ಪ್ರಾಣ ಕಳೆದುಕೊಂಡರು. ಅದೇ ತಿಂಗಳು ಅಧ್ಯಕ್ಷ ರೇಗನ್ನರ ಸರ್ಕಾರವು, ವ್ಯವಸ್ಥೆ ಸಿದ್ಧವಾದ ಮೇಲೆ ಅದನ್ನು ನಾಗರಿಕರಿಗೂ ಒದಗಿಸುವುದಾಗಿ ಘೋಷಿಸಿತು. ನಮ್ಮ ಕೈಗೆ ಬಂದ ಈ ಅನುಕೂಲದ ಹಿಂದೆ ಆ 269 ಮಂದಿಯ ಸಾವಿದೆ. ಆಗಲೂ ನಾಗರಿಕರಿಗೆ ಸಿಕ್ಕಿದ್ದು ಬೇಕೆಂದೇ ಕಲಕಿದ ಸಂಕೇತ. ಅದರಲ್ಲಿ ನೂರು ಮೀಟರಿನವರೆಗೂ ತಪ್ಪಿರುತ್ತಿತ್ತು. ನೂರು ಮೀಟರಿನ ತಪ್ಪು ಸಮುದ್ರದಲ್ಲಿ ಲೆಕ್ಕಕ್ಕಿಲ್ಲ. ನಾಲ್ಕು ರಸ್ತೆ ಕೂಡುವಲ್ಲಿ ನಿಂತ ಸವಾರನಿಗೆ ಅದರಿಂದ ಉಪಯೋಗವೇ ಇಲ್ಲ. 2000ದ ಮೇ ತಿಂಗಳ ಮೊದಲ ದಿನ ಅಧ್ಯಕ್ಷ ಕ್ಲಿಂಟನ್ ಆ ಕಲಕುವಿಕೆಯನ್ನು ನಿಲ್ಲಿಸುವ ಆದೇಶವನ್ನು ಪ್ರಕಟಿಸಿದರು. ಆ ರಾತ್ರಿಯಿಂದಲೇ ಲೋಕದ ಎಲ್ಲ ಯಂತ್ರಗಳೂ ಹತ್ತಾರು ಮೀಟರಿನ ಒಳಗೆ ನಿಖರವಾದವು. ರಸ್ತೆಯ ಮೇಲಿನ ಸವಾರನಿಗೆ ಉಪಗ್ರಹವು ನಿಜವಾಗಿ ದಕ್ಕಿದ್ದು ಅಂದೇ ಎಂದು ನಾನು ತಿಳಿದಿದ್ದೇನೆ.

ಕಾರಿಗೆ ಬಂದಷ್ಟು ಸುಲಭವಾಗಿ ಅದು ಮೋಟಾರ್ ಸೈಕಲ್ಲಿಗೆ ಬರಲಿಲ್ಲ. ಕಾರಿನಲ್ಲಿ ಮಾಡು, ಗಾಜು, ವಿದ್ಯುತ್ತು ಎಲ್ಲವೂ ಇವೆ. ಇಲ್ಲಿ ಮಳೆ, ಬಿಸಿಲು, ಧೂಳು, ಕಂಪನ, ಕೈಗೆ ಗವಸು. ಇವೆಲ್ಲವನ್ನೂ ತಾಳಿಕೊಳ್ಳುವ ಯಂತ್ರಗಳು ಬರಬೇಕಾಯಿತು. 2005ರಲ್ಲಿ ಟಾಮ್‌ಟಾಮ್ ಸಂಸ್ಥೆಯ "ರೈಡರ್", 2006ರಲ್ಲಿ ಗಾರ್ಮಿನ್ ಸಂಸ್ಥೆಯ "ಜೂಮೋ" ಬಂದವು. ಅದೇ 2006ರಲ್ಲಿ ಹೋಂಡಾ ಗೋಲ್ಡ್‌ವಿಂಗ್ ಮೋಟಾರ್ ಸೈಕಲ್ಲಿನಲ್ಲಿ ಕಾರ್ಖಾನೆಯಲ್ಲಿಯೇ ಅಳವಡಿಸಿದ ಪಥದರ್ಶಕ ದೊರೆಯಿತು. ಅನಂತರ ಸ್ಮಾರ್ಟ್‌ಫೋನು ಬಂದು ಬಡವರಿಗೂ ಬಾಗಿಲು ತೆರೆಯಿತು. 2017ರ ಡಿಸೆಂಬರ್‌ನಲ್ಲಿ ಗೂಗಲ್ ಮ್ಯಾಪ್ಸ್ ದ್ವಿಚಕ್ರ ವಾಹನಗಳಿಗೆಂದೇ ಪ್ರತ್ಯೇಕ ದಾರಿ ತೋರಿಸುವ ಕ್ರಮವನ್ನು ಮೊದಲು ಭಾರತದಲ್ಲಿ ಆರಂಭಿಸಿತು. 2018ರಲ್ಲಿ ಅದು ಕನ್ನಡದಲ್ಲಿಯೂ ದಾರಿ ಹೇಳತೊಡಗಿತು. 2020ರ ನವೆಂಬರ್‌ನಲ್ಲಿ ರಾಯಲ್ ಎನ್‌ಫೀಲ್ಡ್ ತನ್ನ ಮೀಟಿಯರ್ 350ರಲ್ಲಿ ತಿರುವುಗಳನ್ನು ಮಾತ್ರ ಬಾಣದಿಂದ ತೋರಿಸುವ "ಟ್ರಿಪ್ಪರ್" ಎಂಬ ಸಣ್ಣ ದುಂಡನೆಯ ಪರದೆಯನ್ನು ಕೊಟ್ಟಿತು.

ಇದನ್ನು ಅಳವಡಿಸುವ ಬಗೆಯನ್ನೂ ಸ್ವಲ್ಪ ಹೇಳಬೇಕು. ನನ್ನ ತಮ್ಮನ ಮಗನು ನಮ್ಮ ಮನೆಯ ಅಂಗಳದಲ್ಲಿ ತನ್ನ ಗಾಡಿಗೆ ಇದನ್ನು ಜೋಡಿಸುವಾಗ ಸ್ಪ್ಯಾನರ್ ಹಿಡಿದು ಪಕ್ಕದಲ್ಲಿ ಕುಳಿತಿದ್ದೆ. ಮೆಕ್ಯಾನಿಕ್ ಹೇಳಿದ ಮಾತುಗಳು ಯಾವ ಬಿ.ಎಡ್. ಪಾಠಕ್ಕೂ ಕಡಿಮೆಯಿರಲಿಲ್ಲ. ಮೊದಲನೆಯದಾಗಿ, ಹಿಡಿಕೆಯನ್ನು ಸ್ಪೀಡೋಮೀಟರಿನ ಹತ್ತಿರ, ಆದಷ್ಟು ಮೇಲೆ ಕೂರಿಸಬೇಕು. ಕಣ್ಣು ರಸ್ತೆಯಿಂದ ಹೆಚ್ಚು ಕೆಳಗಿಳಿಯಬಾರದು. ಎರಡನೆಯದಾಗಿ, ಬ್ಯಾಟರಿಯ 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಚಾರ್ಜರಿಗೆ ಹೋಗುವ ತಂತಿಯಲ್ಲಿ, ಬ್ಯಾಟರಿಗೆ ತೀರ ಸಮೀಪದಲ್ಲಿಯೇ ಫ್ಯೂಸ್ ಇರಬೇಕು. ಕೀಲಿಯನ್ನು ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರುವಂತಿರಬೇಕು, ಇಲ್ಲವಾದರೆ ರಾತ್ರಿಯೆಲ್ಲ ಅಲ್ಪಸ್ವಲ್ಪವಾಗಿ ಹರಿದು ಬ್ಯಾಟರಿ ಬೆಳಗಿಗೆ ಸೋತಿರುತ್ತದೆ. ಮೂರನೆಯದಾಗಿ, ಜೋಡಿಸಿದ ಮೇಲೆ ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ತಂತಿ ಬಿಗಿಯುವುದಿಲ್ಲವೇ, ಬ್ರೇಕು ಮತ್ತು ಆಕ್ಸಿಲರೇಟರಿನ ಕೇಬಲ್ಲುಗಳಿಗೆ ತಗಲುವುದಿಲ್ಲವೇ ಎಂದು ನೋಡಬೇಕು. ನಾಲ್ಕನೆಯದು ಕಂಪನದ ವಿಷಯ. ದೊಡ್ಡ ಎಂಜಿನ್ನಿನ ಕಂಪನವು ಫೋನಿನ ಕ್ಯಾಮೆರಾದ ಒಳಗಿನ ಸೂಕ್ಷ್ಮ ಭಾಗಗಳನ್ನು ಕೆಡಿಸಬಹುದೆಂದು ಆಪಲ್ ಸಂಸ್ಥೆಯೇ 2021ರಲ್ಲಿ ತನ್ನ ಗ್ರಾಹಕರಿಗೆ ಎಚ್ಚರಿಕೆ ಕೊಟ್ಟಿದೆ. ಆದ್ದರಿಂದ ಕಂಪನವನ್ನು ಹೀರಿಕೊಳ್ಳುವ ರಬ್ಬರಿನ ಜೋಡಣೆ ಇರುವುದು ಒಳ್ಳೆಯದು.

ಉಪಗ್ರಹದ ಸಂಕೇತಕ್ಕೆ ಇಂಟರ್ನೆಟ್ ಬೇಡ, ಆದರೆ ನಕ್ಷೆಗೆ ಬೇಕು. ಆಗುಂಬೆ, ಚಾರ್ಮಾಡಿಯಂತಹ ಘಟ್ಟಗಳಲ್ಲಿ ಮೊಬೈಲ್ ಸಂಪರ್ಕ ಕಡಿದುಹೋಗಬಹುದು. ಹೊರಡುವ ಮುನ್ನವೇ ಆ ಪ್ರದೇಶದ ನಕ್ಷೆಯನ್ನು ಫೋನಿನಲ್ಲಿ ಇಳಿಸಿಕೊಂಡಿದ್ದರೆ ತೊಂದರೆಯಿಲ್ಲ. ದಟ್ಟ ಕಾಡು, ಕಡಿದಾದ ಕಣಿವೆಗಳಲ್ಲಿ ಆಕಾಶವೇ ಮರೆಯಾಗುವುದರಿಂದ ಗುರುತು ಅತ್ತಿತ್ತ ಜರುಗುವುದೂ ಉಂಟು.

ಇನ್ನು ನಮ್ಮ ದೇಶದ ಪಾಲನ್ನು ಹೇಳದಿದ್ದರೆ ಈ ಇತಿಹಾಸ ಅಪೂರ್ಣವಾಗುತ್ತದೆ. 1999ರ ಕಾರ್ಗಿಲ್ ಯುದ್ಧದಲ್ಲಿ ಅಮೆರಿಕವು ಜಿ.ಪಿ.ಎಸ್. ನೆರವನ್ನು ನೀಡಲಿಲ್ಲವೆಂಬ ಮಾತು ಪತ್ರಿಕೆಗಳಲ್ಲಿ ಹಲವು ಬಾರಿ ಬಂದಿದೆ. ಆ ಮಾತಿನ ವಿವರ ಹೇಗೇ ಇರಲಿ, ಆಗ ಸಂಕೇತವು ಇನ್ನೂ ಕಲಕಿದ ಸ್ಥಿತಿಯಲ್ಲಿಯೇ ಇತ್ತೆಂಬುದು ನಿರ್ವಿವಾದ. ಪರರ ಗಡಿಯಾರವನ್ನು ನಂಬಿ ಯುದ್ಧಕ್ಕೆ ಹೋಗಲಾಗದು. 2006ರಲ್ಲಿ ಸರ್ಕಾರವು ನಮ್ಮದೇ ವ್ಯವಸ್ಥೆಗೆ ಒಪ್ಪಿಗೆ ನೀಡಿತು. 2013ರ ಜುಲೈ 1ರಂದು ಮೊದಲ ಉಪಗ್ರಹವೂ 2016ರ ಏಪ್ರಿಲ್‌ನಲ್ಲಿ ಏಳನೆಯದೂ ಹಾರಿದವು. ಅದಕ್ಕೆ "ನಾವಿಕ್" ಎಂಬ ಹೆಸರಾಯಿತು. ಭಾರತವನ್ನೂ ಅದರ ಗಡಿಯಿಂದಾಚೆ 1500 ಕಿಲೋಮೀಟರನ್ನೂ ಒಳಗೊಳ್ಳುವಂತೆ ಅದನ್ನು ರೂಪಿಸಲಾಗಿದೆ. ಅದರ ಪಥದರ್ಶನ ಕೇಂದ್ರವಿರುವುದು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ. ಲ್ಯಾಂಬ್ಟನ್ ಸರಪಳಿ ಎಳೆದ ಊರಿನ ಹತ್ತಿರವೇ ಈಗ ಆಕಾಶದ ಗಡಿಯಾರಗಳಿಗೆ ಸಮಯ ಹೊಂದಿಸುವ ಕೆಲಸ ನಡೆಯುತ್ತದೆ.

ಹಾದಿ ಸುಗಮವಾಗಿರಲಿಲ್ಲ. ಮೊದಲ ಉಪಗ್ರಹದಲ್ಲಿದ್ದ, ಹೊರದೇಶದಿಂದ ತರಿಸಿದ ಮೂರು ಪರಮಾಣು ಗಡಿಯಾರಗಳೂ ಕೆಟ್ಟವು. ಅದರ ಬದಲಿಗೆ 2017ರ ಆಗಸ್ಟ್‌ನಲ್ಲಿ ಹಾರಿಸಿದ ಉಪಗ್ರಹವು ಶಾಖಕವಚ ಕಳಚದೆ ವ್ಯರ್ಥವಾಯಿತು. 2023ರ ಮೇ 29ರಂದು ಹಾರಿದ ಎನ್.ವಿ.ಎಸ್.-01ರಲ್ಲಿ ನಮ್ಮ ದೇಶದಲ್ಲಿಯೇ ತಯಾರಾದ ರುಬಿಡಿಯಂ ಗಡಿಯಾರವಿದೆ. 2025ರ ಜನವರಿಯಲ್ಲಿ ಹಾರಿದ ಎನ್.ವಿ.ಎಸ್.-02 ಮಾತ್ರ ಕವಾಟದ ತೊಂದರೆಯಿಂದ ತನ್ನ ಕಕ್ಷೆಯನ್ನು ಸೇರಲಾಗಲಿಲ್ಲ. ಸೋಲುಗಳನ್ನು ಮುಚ್ಚಿಡುವುದು ದೇಶಾಭಿಮಾನವಲ್ಲ. ಗಡಿಯಾರವನ್ನು ನಾವೇ ಮಾಡಲು ಕಲಿತೆವೆಂಬುದು ಸಣ್ಣ ಸಾಧನೆಯೂ ಅಲ್ಲ.

ಈಗ ಮೊದಲ ಪ್ರಶ್ನೆಗೆ ಮರಳೋಣ. ಉಪಗ್ರಹಗಳು ಹೇಳುವುದು ನೀವು ಎಲ್ಲಿದ್ದೀರಿ ಎಂಬ ಒಂದೇ ಸಂಗತಿಯನ್ನು. ಅಲ್ಲಿ ರಸ್ತೆ ಇದೆಯೇ, ಸೇತುವೆ ನಿಂತಿದೆಯೇ ಎಂಬುದು ಅವಕ್ಕೆ ತಿಳಿಯದು. ಅದನ್ನು ಹೇಳುವುದು ನಕ್ಷೆ. ನಕ್ಷೆಯನ್ನು ಮಾಡುವವರು ನೆಲದ ಮೇಲಿನ ಮನುಷ್ಯರು. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ, ಪರದೆಯ ಸೂಚನೆಯನ್ನು ನಂಬಿ ಹೋದ ಕಾರೊಂದು ಅರ್ಧಕ್ಕೆ ತುಂಡಾಗಿದ್ದ ಸೇತುವೆಯಿಂದ ರಾಮಗಂಗಾ ನದಿಗೆ ಬಿದ್ದು ಮೂವರು ತೀರಿಕೊಂಡರು. ಸೇತುವೆಯ ಒಂದು ಭಾಗವು ಪ್ರವಾಹದಲ್ಲಿ ಮೊದಲೇ ಕೊಚ್ಚಿಹೋಗಿತ್ತು. ಅಂದು ಆಕಾಶದ ಗಡಿಯಾರಗಳು ಕೆಟ್ಟಿರಲಿಲ್ಲ. ನೆಲದ ಸುದ್ದಿ ನಕ್ಷೆಗೆ ಮುಟ್ಟಿರಲಿಲ್ಲ. ಅಡ್ಡಗಟ್ಟೆಯಾಗಲಿ ಎಚ್ಚರಿಕೆಯ ಫಲಕವಾಗಲಿ ಅಲ್ಲಿ ಇರಲಿಲ್ಲ.

ನೆಲದ ಮಾತನ್ನು ಕೇಳುವ ಅಭ್ಯಾಸ ನಮ್ಮ ನಾಡಿನಲ್ಲಿ ಹಳೆಯದು. 2001ರ ಜನಗಣತಿಯ ಕೆಲಸಕ್ಕೆ ನನ್ನ ಹಳೆಯ ಯೆಜ್ಡಿಯಲ್ಲಿ ಹಳ್ಳಿ ಹಳ್ಳಿ ಸುತ್ತುವಾಗ ನನಗೆ ದಾರಿ ತೋರಿಸಿದವರು ಚಹಾದ ಅಂಗಡಿಯವರು ಮತ್ತು ದನ ಕಾಯುವ ಹುಡುಗರು. "ಅರಳಿಕಟ್ಟೆ ಬಳಿ ಎಡಕ್ಕೆ ಹೊರಳಿ, ಅಲ್ಲಿಂದ ಒಂದು ಕೂಗಳತೆ" ಎಂದು ಅವರು ಹೇಳುತ್ತಿದ್ದರು. ಜೊತೆಗೆ, "ಹಳ್ಳದಲ್ಲಿ ನೀರು ಬಂದಿದೆ, ಸುತ್ತಿ ಹೋಗಿ ಮೇಷ್ಟ್ರೇ" ಎಂದೂ ಸೇರಿಸುತ್ತಿದ್ದರು. ಆ ಎರಡನೆಯ ವಾಕ್ಯ ಯಾವ ಉಪಗ್ರಹದಿಂದಲೂ ಬರುವುದಿಲ್ಲ. ಭಾರತೀಯರು ರಸ್ತೆಯ ಹೆಸರಿನಿಂದಲ್ಲ, ಗುಡಿ, ಕೆರೆ, ಪೆಟ್ರೋಲ್ ಬಂಕುಗಳ ಗುರುತಿನಿಂದ ದಾರಿ ಹೇಳುತ್ತಾರೆಂಬುದನ್ನು ಕಂಡು, 2009ರ ಡಿಸೆಂಬರ್‌ನಲ್ಲಿ ಗೂಗಲ್ ಸಂಸ್ಥೆಯೂ ಭಾರತದ ನಕ್ಷೆಯಲ್ಲಿ ಅಂತಹ ಗುರುತುಗಳನ್ನು ಹೇಳಿ ದಾರಿ ತೋರಿಸತೊಡಗಿತು. ಚಹಾದ ಅಂಗಡಿಯವನ ವಿದ್ಯೆಯನ್ನು ಯಂತ್ರವೂ ಕಲಿಯಬೇಕಾಯಿತು.

ಕೊನೆಯದಾಗಿ ಕಣ್ಣಿನ ಮಾತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವವನು ಎರಡು ಸೆಕೆಂಡು ಪರದೆಯನ್ನು ನೋಡಿದರೆ, ಅಷ್ಟರಲ್ಲಿ 33 ಮೀಟರ್ ದೂರವನ್ನು ಕುರುಡನಾಗಿ ಸಾಗಿರುತ್ತಾನೆ. ನಮ್ಮ ಶಾಲೆಗಳ ಒಂದು ತರಗತಿಯ ಕೋಣೆಯನ್ನು ನಾಲ್ಕೈದು ಬಾರಿ ದಾಟಿದಷ್ಟು ದೂರವದು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮವು ಚಾಲಕನು ದಾರಿ ನೋಡುವುದಕ್ಕಾಗಿ ಮಾತ್ರ, ಅದೂ ಗಮನ ಕದಡದಂತೆ, ಇಂತಹ ಸಾಧನವನ್ನು ಬಳಸಬಹುದೆನ್ನುತ್ತದೆ. ಊರಿನ ಹೆಸರನ್ನು ಹೊರಡುವ ಮುನ್ನವೇ ತುಂಬಿಸಿ. ಮುಂದಿನ ಎರಡು ತಿರುವುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಸಂಶಯ ಬಂದರೆ ಪಕ್ಕಕ್ಕೆ ನಿಲ್ಲಿಸಿ ನೋಡಿ. ಹಾರ್ನು ಕೇಳಿಸದಂತೆ ಕಿವಿಯನ್ನು ಮುಚ್ಚಿಕೊಳ್ಳಬೇಡಿ.

ಆದ್ದರಿಂದ ಐದು ಅಂಕಗಳ ಪೂರ್ಣ ಉತ್ತರ ಹೀಗಿದೆ. ದಾರಿ ತೋರಿಸುವವರು ಮೂವರು. ಆಕಾಶದ ಗಡಿಯಾರ, ನೆಲದ ನಕ್ಷೆ ಮತ್ತು ಸವಾರನ ಕಣ್ಣು. ಮೊದಲನೆಯದನ್ನು ಸರ್ಕಾರಗಳು ನೋಡಿಕೊಳ್ಳುತ್ತವೆ, ಎರಡನೆಯದನ್ನು ಸಂಸ್ಥೆಗಳು. ಮೂರನೆಯದು ನಿಮ್ಮ ಪಾಲಿನದು. ದೂರದೂರುಗಳಿಗೆ ಹೋಗುವ ನನ್ನ ವಿದ್ಯಾರ್ಥಿಗಳೇ, ಯಂತ್ರವನ್ನು ಧಾರಾಳವಾಗಿ ಬಳಸಿ. ಅದು ಮನುಷ್ಯನ ಬುದ್ಧಿಯ ದೊಡ್ಡ ಫಲ. ಆದರೆ ಮಳೆಗಾಲದಲ್ಲಿ, ಗೊತ್ತಿಲ್ಲದ ಸೇತುವೆಯ ಮುಂದೆ, ಒಮ್ಮೆ ಗಾಡಿಯನ್ನು ನಿಲ್ಲಿಸಿ, ಹೆಲ್ಮೆಟ್ಟು ತೆಗೆದು, ಅಲ್ಲಿಯ ಜನರನ್ನು ಒಂದು ಮಾತು ಕೇಳಿ ಮುಂದೆ ಹೋಗಿ. ಮನೆಯಲ್ಲಿ ನಿಮ್ಮ ದಾರಿ ಕಾಯುವವರು ಇರುತ್ತಾರೆ.